ಪೇದೆ ಹಾಡಿದ... ಬೆಟ್ಟವೇ ಎದ್ದು ಕೂತಿತು!

ಗಾಂಧಿನಗರದ ಒಂದು ಅಡ್ಡರಸ್ತೆಯಲ್ಲಿ ನನ್ನ ಖಾಯಂ ಮೊಮೊ ಗಾಡಿ ಒಂದಿದೆ. ಬರೆದ ಲೇಖನಕ್ಕೆ ದುಡ್ಡು ಬಂದ ದಿನ ಎರಡು ಪ್ಲೇಟು, ಬಾರದ ದಿನ ಒಂದೇ ಪ್ಲೇಟು, ಅದೂ ಸಾಲದ ಮೇಲೆ. ಮಳೆ ಇರಲಿ, ಬಂದ್ ಇರಲಿ, ಆ ಗಾಡಿಯ ಹಬೆ ಆರಿದ್ದನ್ನು ನಾನು ಕಂಡವನಲ್ಲ. ಆದರೆ 2026ರ ಜನವರಿ 12ರ ಸಂಜೆ ಹೋಗಿ ನೋಡ್ತೀನಿ, ಗಾಡಿ ಇಲ್ಲ! ಮಾರನೇ ದಿನ ಗಾಡಿ ಇತ್ತು, ಆದರೆ ಪಾತ್ರೆಗೆ ಒರಗಿಸಿ ಒಂದು ಫೋಟೋ ಇಟ್ಟಿತ್ತು. ಪೇಪರಿನಿಂದ ಕತ್ತರಿಸಿದ ಫೋಟೋ. ಅದರ ಮುಂದೆ ಒಂದು ಊದುಬತ್ತಿ.

‘ಯಾರಪ್ಪಾ, ನಿಮ್ಮ ಅಣ್ಣನಾ?’ ಅಂದೆ.

‘ಪ್ರಶಾಂತ್ ತಮಾಂಗ್. ಗೊತ್ತಿಲ್ವಾ ಸಾರ್? ನೀವು ಸಿನಿಮಾ ಪೇಪರ್‌ನವರು ಅಂತೀರಿ!’

ನಾಚಿಕೆ ಆಯಿತು, ಸುಳ್ಳೇಕೆ. ಮುಖ ನೋಡಿದ ನೆನಪಿತ್ತು. ‘ಪಾತಾಳ್ ಲೋಕ್’ ಎರಡನೇ ಕಂತಿನಲ್ಲಿ ಮಾತೇ ಆಡದೆ ಗುಂಡು ಹಾರಿಸುವ ಆ ಡೇನಿಯಲ್! ಅವನ ಕಣ್ಣು ನೋಡಿ ಬೆನ್ನಲ್ಲಿ ಚಳಿ ಹುಟ್ಟಿತ್ತು. ಆದರೆ ಮೊಮೊ ಹುಡುಗ ಊದುಬತ್ತಿ ಹಚ್ಚಿದ್ದು ಆ ಡೇನಿಯಲ್‌ಗಲ್ಲ. 2007ರಲ್ಲಿ ‘ಇಂಡಿಯನ್ ಐಡಲ್’ ಮೂರನೇ ಆವೃತ್ತಿ ಗೆದ್ದ ಕಲ್ಕತ್ತಾ ಪೊಲೀಸ್ ಪೇದೆಗೆ. ಜನವರಿ 11ರಂದು ದೆಹಲಿಯಲ್ಲಿ ತೀರಿಕೊಂಡರು, 43 ವರ್ಷಕ್ಕೇ.

ಅವತ್ತು ಗಿರಾಕಿ ಕಡಿಮೆ. ಹುಡುಗ (ಹುಡುಗ ಅನ್ನೋದು ನನ್ನ ರೂಢಿ, ನನಗಿಂತ ಮೂರು ವರ್ಷ ದೊಡ್ಡವನು) ಮಾತಿಗೆ ಕೂತ. ಊರು ಕರ್ಸಿಯಾಂಗ್, ಡಾರ್ಜಿಲಿಂಗ್‌ಗೆ ಹೋಗುವ ಆಟಿಕೆ ರೈಲಿನ ಹಾದಿಯಲ್ಲಿ ಸಿಗುತ್ತದೆ. ಅವನು ಹೇಳಿದ್ದು, ಆಮೇಲೆ ನಾನು ಹಳೇ ಪೇಪರುಗಳನ್ನು ಕೆದಕಿ ತಿಳಿದದ್ದು, ಎರಡನ್ನೂ ಸೇರಿಸಿ ಹೇಳ್ತೀನಿ. ನಮ್ಮ ಸ್ಟಾರ್‌ಗಳ ಕಟೌಟಿಗೆ ಹಾಲೆರೆದ ಮಿತ್ರರು ಇದನ್ನು ಖಂಡಿತ ಓದಬೇಕು.

ಅಪ್ಪನ ಸಮವಸ್ತ್ರ, ಮಗನ ಹಾಡು

ಪ್ರಶಾಂತ್ ಹುಟ್ಟಿದ್ದು ಡಾರ್ಜಿಲಿಂಗ್‌ನಲ್ಲಿ, 1983ರ ಜನವರಿಯಲ್ಲಿ. ಅಪ್ಪ ಪೊಲೀಸ್. ಕೆಲಸದಲ್ಲಿರುವಾಗಲೇ ತೀರಿಹೋದರು. ಓದು ಅರ್ಧಕ್ಕೆ ನಿಂತಿತು, ಅಪ್ಪನ ಜಾಗದಲ್ಲಿ ಮಗ ಕಲ್ಕತ್ತಾ ಪೊಲೀಸಿಗೆ ಪೇದೆಯಾಗಿ ಸೇರಿದ. ಅಲ್ಲಿ ಪೊಲೀಸರದೇ ಒಂದು ಆರ್ಕೆಸ್ಟ್ರಾ. ಅದರಲ್ಲಿ ಹಾಡುತ್ತಿದ್ದ. ಸಂಗೀತ ಪಾಠ ಗೀಠ ಏನೂ ಇಲ್ಲ. ಅಂಥವನು 2007ರಲ್ಲಿ ಸೋನಿ ಟೀವಿಯ ಆಡಿಷನ್‌ಗೆ ಹೋಗಿ ನಿಂತ. ತೀರ್ಪುಗಾರರ ಕುರ್ಚಿಯಲ್ಲಿ ಅನು ಮಲಿಕ್, ಜಾವೇದ್ ಅಖ್ತರ್, ಉದಿತ್ ನಾರಾಯಣ್, ಅಲಿಷಾ ಚಿನಾಯ್!

ಇಲ್ಲೊಂದು ಮಾತು ನೇರವಾಗಿ ಹೇಳಿಬಿಡೋಣ. ಆ ಸಲದ ಸ್ಪರ್ಧಿಗಳಲ್ಲಿ ಪ್ರಶಾಂತ್‌ಗಿಂತ ಚೆನ್ನಾಗಿ ಹಾಡುವವರಿದ್ದರು. ಕೊನೆಗೆ ಎದುರಾಳಿಯಾಗಿ ಉಳಿದ ಶಿಲ್ಲಾಂಗ್‌ನ ಅಮಿತ್ ಪಾಲ್ ಗಾಯನದಲ್ಲಿ ಒಂದು ಕೈ ಮೇಲು ಅಂತ ಆಗಲೂ ಬಹಳ ಜನ ಹೇಳುತ್ತಿದ್ದರು. ನಾನೂ ಇಬ್ಬರ ಹಳೇ ಹಾಡುಗಳನ್ನು ಹುಡುಕಿ ಕೇಳಿದೆ. ನನ್ನ ಕಿವಿಗೂ ಹಾಗೇ ಅನ್ನಿಸಿತು. ಮೊಮೊ ಗಾಡಿಯ ಮುಂದೆ ಮಾತ್ರ ಹಾಗನ್ನುವ ಧೈರ್ಯ ಆಗಲಿಲ್ಲ, ಸಾಲ ಬೇರೆ ಇತ್ತಲ್ಲ!

ಆದರೆ ಅದು ಹಾಡಿನ ಸ್ಪರ್ಧೆಯಾಗಿ ಉಳಿದಿದ್ದರೆ ತಾನೇ? ಹೇಳಿ ಕೇಳಿ ಎಸ್ಸೆಮ್ಮೆಸ್ ಕಾಲ. 2001ರಲ್ಲಿ ಇಂಗ್ಲೆಂಡಿನಲ್ಲಿ ‘ಪಾಪ್ ಐಡಲ್’ ಅಂತ ಶುರುವಾದ ಆಟ, ಮರುವರ್ಷ ಅಮೆರಿಕಕ್ಕೆ ಹೋಗಿ, 2004ರಲ್ಲಿ ನಮ್ಮ ದೇಶಕ್ಕೂ ಬಂತು. ಒಬ್ಬನಿಗೆ ಒಂದೇ ಓಟು ಅಂತ ಚುನಾವಣಾ ಆಯೋಗದ ಕಾನೂನು ಅಲ್ಲಿಲ್ಲ. ದುಡ್ಡು ಇದ್ದಷ್ಟು ಓಟು. ಮಾಮೂಲಿ ಮೆಸೇಜಿಗಿಂತ ಹೆಚ್ಚು ರೇಟು, ಬಂದ ಹಣದಲ್ಲಿ ಫೋನ್ ಕಂಪನಿಗೊಂದು ಪಾಲು, ಟೀವಿಯವರಿಗೊಂದು ಪಾಲು. ಅಭಿಮಾನ ಎಷ್ಟು ಉರಿಯುತ್ತದೋ ಅಷ್ಟು ಕಾಸು ಕರಗುತ್ತದೆ. ಯೋಜನೆ ಹಾಕಿದ ಮಹಾನುಭಾವನಿಗೆ ಕೈ ಮುಗಿಯಬೇಕು.

2005ರಲ್ಲೇ ‘ಫೇಮ್ ಗುರುಕುಲ್’ನಲ್ಲಿ ಕಾಶ್ಮೀರದ ಖಾಜಿ ತೌಕೀರ್ ಗೆದ್ದಾಗ ಈ ಆಟದ ಒಳಗುಟ್ಟು ಸ್ವಲ್ಪ ಗೊತ್ತಾಗಿತ್ತು. ಟೀವಿಯಲ್ಲಿ ಯಾವತ್ತೂ ತಮ್ಮ ಮುಖ ಕಾಣದ ಊರುಗಳಿಗೆ, ಕಂಡ ಒಂದು ಮುಖಕ್ಕಾಗಿ ಮೈಮೇಲೆ ಬರುವ ಆವೇಶ ಇದೆಯಲ್ಲ, ಅದು ರಾಗ ತಾಳ ನೋಡುವುದಿಲ್ಲ.

ಎಲೆ ಕೀಳುವ ಕೈ, ಓಟು ಒತ್ತುವ ಬೆರಳು

ನನ್ನ ಮಿತ್ರನಿಗೆ ಆಗ ಹನ್ನೆರಡು ವರ್ಷ. ಅಮ್ಮ ಟೀ ತೋಟದ ಕೂಲಿ. ಆ ಕಾಲಕ್ಕೆ ಅಲ್ಲಿನ ದಿನಗೂಲಿ ಐವತ್ತು ರೂಪಾಯಿ ಆಸುಪಾಸು. ಆ ಕೂಲಿಯಲ್ಲಿ ಅಭಿಮಾನಿ ಸಂಘಕ್ಕೆ ಚಂದಾ! ‘ದೇವಿ ಪೂಜೆಗೆ ಕೊಟ್ಟ ಹಾಗೇ ಕೊಟ್ಟಳು ಸಾರ್, ಬೈಕೊಳ್ಳಲಿಲ್ಲ,’ ಅಂದ. ಬೆಟ್ಟದ ತುಂಬ ಪೋಸ್ಟರು, ಮೆರವಣಿಗೆ. ಓಟು ಹಾಕಲೆಂದೇ ಫೋನ್ ಬೂತುಗಳು. ಶಾಲೆ ಬಿಟ್ಟ ಹುಡುಗರನ್ನು ಸಾಲಾಗಿ ಕೂರಿಸಿ ಕೈಗೊಂದು ಮೊಬೈಲು ಕೊಡುತ್ತಿದ್ದರಂತೆ. ಒತ್ತು, ಕಳಿಸು. ಒತ್ತು, ಕಳಿಸು. ಹೆಬ್ಬೆರಳು ಊದಿಕೊಂಡು ಮರುದಿನ ಪೆನ್ಸಿಲ್ ಹಿಡಿಯಲಾಗದೆ ಮೇಷ್ಟ್ರ ಕೈಲಿ ಏಟು ತಿನ್ನಲು ರೆಡಿಯಾಗಿ ಹೋದರೆ, ಮೇಷ್ಟ್ರ ಹೆಬ್ಬೆರಳೂ ಊದಿತ್ತಂತೆ!

ಡಾರ್ಜಿಲಿಂಗ್ ಒಂದೇ ಅಲ್ಲ. ಕಾಲಿಂಪಾಂಗ್, ಸಿಕ್ಕಿಂ, ಗಡಿಯಾಚೆ ನೇಪಾಳ, ಎಲ್ಲೆಲ್ಲಿ ನೇಪಾಳಿ ಮಾತಾಡುವವರಿದ್ದರೋ ಅಲ್ಲೆಲ್ಲ ಅದೇ ಜ್ವರ. ಆ ಕಡೆ ಶಿಲ್ಲಾಂಗ್‌ನಲ್ಲೂ ಕಡಿಮೆ ಇರಲಿಲ್ಲ. ಅಲ್ಲಿ ಖಾಸಿ ಜನಕ್ಕೂ ಬಂಗಾಳಿಗಳಿಗೂ 1979ರಿಂದ ನೆತ್ತರು ಹರಿದ ಹಳೇ ವೈಷಮ್ಯ. ಅಂಥ ಊರಿನಲ್ಲಿ ಬಂಗಾಳಿ ಮನೆಯ ಹುಡುಗ ಅಮಿತ್‌ಗಾಗಿ ಖಾಸಿಗಳೂ ಬೀದಿಗಿಳಿದು ಓಟು ಕೇಳಿದರು. ಮುಖ್ಯಮಂತ್ರಿ ಲಪಾಂಗ್ ಅವನನ್ನು ಶಾಂತಿ ಸೌಹಾರ್ದದ ರಾಯಭಾರಿ ಅಂತ ಘೋಷಿಸಿದರು. ಸರ್ಕಾರಗಳ ಶಾಂತಿಸಭೆಗಳಿಂದ ಆಗದ್ದು ಒಂದು ಟೀವಿ ಆಟದಿಂದ ನಾಲ್ಕು ತಿಂಗಳ ಮಟ್ಟಿಗಾದರೂ ಆಯಿತು.

2007ರ ಸೆಪ್ಟೆಂಬರ್ 23, ಭಾನುವಾರ. ಫೈನಲ್. ಒಟ್ಟು ಸುಮಾರು 7 ಕೋಟಿ ಓಟು ಬಂದವೆಂದು ಆಗ ವರದಿಯಾಯಿತು. ಪ್ರಶಾಂತ್ ಗೆದ್ದ! ಕರ್ಸಿಯಾಂಗ್‌ನಲ್ಲಿ ರಾತ್ರಿಯಿಡೀ ಯಾರೂ ಮಲಗಲಿಲ್ಲ. ‘ಅವತ್ತು ನಾನು ಮೊದಲ ಸಲ ಅಪ್ಪ ಅಳೋದು ನೋಡಿದೆ,’ ಅಂದ ಮಿತ್ರ.

ಯಾಕೆ ಅಳಬೇಕು? ಹಾಡಿನ ಸ್ಪರ್ಧೆ ಗೆದ್ದರೆ ಅಳುವ ಅಪ್ಪಂದಿರುಂಟೇ? ನಾನು ಇದನ್ನೇ ಕೇಳಿದೆ. ಅವನು ಮೊಮೊ ತಟ್ಟೆ ಮುಂದಿಟ್ಟು ಹೇಳಿದ: ‘ಸಾರ್, ನಿಮ್ಮ ಅಪಾರ್ಟ್‌ಮೆಂಟ್ ಗೇಟಲ್ಲಿ ಇರೋನನ್ನ ಏನಂತ ಕರೀತೀರಿ? ಹೆಸರು ಕೇಳಿದ್ದೀರಾ ಯಾವತ್ತಾದ್ರೂ?’

ಬಾಯಿಗಿಟ್ಟ ಮೊಮೊ ಗಂಟಲಲ್ಲೇ ನಿಂತಿತು, ನೋಡಿ.

ಐದೇ ದಿನದ ಸಂಭ್ರಮ

ಇದೇ ಮಾತನ್ನು ದೆಹಲಿಯ ಎಫ್ಎಂ ರೇಡಿಯೋದ ಒಬ್ಬ ವಾಚಾಳಿ ತಮಾಷೆ ಮಾಡಿಬಿಟ್ಟ. ಗೂರ್ಖಾಗಳೆಲ್ಲ ಹಾಡುಗಾರರಾದರೆ ಮನೆ ಕಾಯೋರು ಯಾರು ಅನ್ನುವ ಧಾಟಿಯ ಕುಹಕ. ಸ್ಟುಡಿಯೋ ಒಳಗೆ ನಕ್ಕು ಮುಗಿದ ಮಾತು ಬೆಟ್ಟದ ಮೇಲೆ ಬೆಂಕಿಯಾಯಿತು. ಸೆಪ್ಟೆಂಬರ್ 28ರಂದು ಬೆಟ್ಟದ ಕೆಳಗಿನ ಸಿಲಿಗುರಿಯಲ್ಲಿ ಪ್ರತಿಭಟನೆಗೆ ಹೊರಟ ಮೆರವಣಿಗೆ ಗಲಭೆಯಾಗಿ ತಿರುಗಿತು. ಕಲ್ಲು, ಬೆಂಕಿ, ಕರ್ಫ್ಯೂ. ಕೊನೆಗೆ ಸೇನೆಯೇ ಬಂತು. ಗೆದ್ದು ಐದು ದಿನವಾಗಿತ್ತು, ಅಷ್ಟೇ. ಹಾಡಿದ ಹುಡುಗನಿಗೆ ತನ್ನ ಹೆಸರಿನಲ್ಲಿ ಇಷ್ಟೆಲ್ಲ ಆಗುತ್ತಿದೆ ಅಂತ ಕೇಳಿ ಹೇಗಾಗಿರಬೇಡ?

ಇನ್ನೂ ಇದೆ ಕೇಳಿ. 1986ರಿಂದ 88ರವರೆಗೆ ಗೂರ್ಖಾಲ್ಯಾಂಡ್ ಅಂತ ಪ್ರತ್ಯೇಕ ರಾಜ್ಯ ಕೇಳಿ ನಡೆದ ಹೋರಾಟದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಆಗಿನಿಂದ ಬೆಟ್ಟದ ದೊರೆ ಅಂದರೆ ಸುಭಾಷ್ ಘೀಸಿಂಗ್. ಈ ಹಾಡಿನ ಗಲಾಟೆಗೆಲ್ಲ ಅವರು ಕೈ ಹಾಕಲಿಲ್ಲ. ಅವರದೇ ಶಿಷ್ಯ ಬಿಮಲ್ ಗುರುಂಗ್ ಹಾಕಿದರು! ಅಭಿಮಾನಿಗಳ ಬೆನ್ನಿಗೆ ನಿಂತರು, ಓಟಿನ ಹಣ ಹೊಂದಿಸಿದರು. ಫೈನಲ್ ಆಗಿ ಸರಿಯಾಗಿ ಹದಿನಾಲ್ಕನೇ ದಿನ, ಅಕ್ಟೋಬರ್ 7ಕ್ಕೆ, ಗೂರ್ಖಾ ಜನಮುಕ್ತಿ ಮೋರ್ಚಾ ಅಂತ ಹೊಸ ಪಕ್ಷ ಹುಟ್ಟಿಯೇಬಿಟ್ಟಿತು. ಊರೂರಲ್ಲಿ ಕಾರ್ಯಕರ್ತರನ್ನು ಹುಡುಕುವ ತಾಪತ್ರಯವೇ ಇಲ್ಲ, ಓಟು ಹಾಕಿಸಿದ ಹುಡುಗರು ಎಲ್ಲ ಕಡೆ ಸಿದ್ಧವಾಗಿದ್ದರಲ್ಲ. 2008ರ ಮಾರ್ಚ್‌ನಲ್ಲಿ ಘೀಸಿಂಗ್ ರಾಜೀನಾಮೆ. ಅವರ ಕಾರು ಬೆಟ್ಟ ಹತ್ತದಂತೆ ಜನ ತಡೆದರು. 2012ರಲ್ಲಿ ಗುರುಂಗ್ ಹೊಸ ಆಡಳಿತ ಮಂಡಳಿಯ ಮುಖ್ಯಸ್ಥ. 2017ರಲ್ಲಿ ಮತ್ತೆ 104 ದಿನ ಬಂದ್, ಗುರುಂಗ್ ಭೂಗತ... ಅದು ಬೇರೆಯೇ ಪುರಾಣ.

ಅಭಿಮಾನಿಗಳು ಚಳವಳಿಯಾಗುವುದು ನಮಗೇನು ಹೊಸದಲ್ಲ. 1982ರಲ್ಲಿ ಸಾಹಿತಿಗಳ ಗೋಕಾಕ್ ಚಳವಳಿಗೆ ಅಣ್ಣಾವ್ರು ಇಳಿದ ಮೇಲೆ ತಾನೇ ಅದು ಹಳ್ಳಿ ಹಳ್ಳಿಯ ಮಾತಾದದ್ದು? ಆದರೆ ಅಲ್ಲಿ ಅಣ್ಣಾವ್ರೇ ಮುಂದೆ ನಿಂತಿದ್ದರು, ಕೊನೆಯವರೆಗೂ ಕುರ್ಚಿ ಮುಟ್ಟಲಿಲ್ಲ. ಡಾರ್ಜಿಲಿಂಗ್‌ನಲ್ಲಿ ಹಾಡಿದವನು ಒಬ್ಬ, ಕುರ್ಚಿ ಏರಿದವನು ಇನ್ನೊಬ್ಬ.

ಇದು ನನಗೆ ಇಷ್ಟು ಚೆನ್ನಾಗಿ ಅರ್ಥವಾಗಲು ಕಾರಣವಿದೆ, ಹೇಳಿಯೇಬಿಡುತ್ತೇನೆ. 2014ರಲ್ಲಿ ನಾನು ಎರಡನೇ ಪಿಯುಸಿ. ನಮ್ಮ ತಾಲ್ಲೂಕಿನ ಹುಡುಗನೊಬ್ಬ ಟೀವಿಯ ಹಾಡಿನ ಸ್ಪರ್ಧೆಗೆ ಆಯ್ಕೆಯಾದ. ನಮ್ಮೂರಲ್ಲೂ ಅಭಿಮಾನಿ ಬಳಗ, ನಾನೇ ಖಜಾಂಚಿ! ಬಳಗದ ಖಜಾನೆ ಬರಿದಾದ ವಾರ ಪರೀಕ್ಷೆ ಶುಲ್ಕಕ್ಕೆಂದು ಅವ್ವ ಕೊಟ್ಟ ದುಡ್ಡನ್ನೂ ರೀಚಾರ್ಜ್ ಮಾಡಿಸಿದೆ. ಆ ವಾರವೇ ಅವನು ಔಟಾದ. ನಾನು ಪರೀಕ್ಷೆಗೆ ಕೂರಲಿಲ್ಲ, ಆಮೇಲೆ ಕಾಲೇಜಿನ ಕಡೆ ಹೋಗಲೂ ಇಲ್ಲ. ಅವ್ವನಿಗೆ ಪರೀಕ್ಷೆ ಫೇಲಾಯಿತು ಅಂತ ಹೇಳಿದ್ದೆ. ಅವಳು ಇವತ್ತಿಗೂ ಹಾಗೇ ತಿಳಿದಿದ್ದಾಳೆ. ಈ ಪತ್ರಿಕೆ ಅವಳು ಓದುವುದಿಲ್ಲ ಅನ್ನುವ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಇನ್ನು ನಮ್ಮ ಬಳಗಕ್ಕೆ ಫ್ಲೆಕ್ಸ್ ಮಾಡಿಸಿಕೊಟ್ಟ ಒಬ್ಬ ಮುಖಂಡರಿದ್ದರು. ಹಾಡುವ ಹುಡುಗನಿಗಿಂತ ಅವರ ಮುಖವೇ ಅದರಲ್ಲಿ ದೊಡ್ಡದಿತ್ತು. 2016ರ ಜಿಲ್ಲಾ ಪಂಚಾಯಿತಿ ಚುನಾವಣೆಯಲ್ಲಿ ಅದೇ ಫೋಟೋ, ಅದೇ ನಗು. ಗೆದ್ದರು. ಪ್ರಚಾರಕ್ಕೆ ಓಡಾಡಿದವರು ನಾವೇ!

ಈಗ ಎಸ್ಸೆಮ್ಮೆಸ್ಸಿನ ಕಾಲ ಹೋಯಿತು, ಆ್ಯಪಿನಲ್ಲಿ ಬೆರಳೊತ್ತಿದರೆ ಆಯಿತು. 2025ರ ಜನವರಿಯಲ್ಲಿ ಕನ್ನಡ ‘ಬಿಗ್ ಬಾಸ್’ ಗೆದ್ದ ಸವಣೂರು ತಾಲ್ಲೂಕು ಚಿಲ್ಲೂರು ಬಡ್ನಿಯ ಹನುಮಂತನಿಗೆ 5 ಕೋಟಿ ಮೀರಿ ಓಟು. ಆ ಲುಂಗಿ, ಆ ಹಾವೇರಿ ಮಾತು, ನಡುವೆ ಮನೆಯೊಳಗೆ ಬಂದರೂ ಎಲ್ಲರನ್ನೂ ದಾಟಿದ ರೀತಿ! ಬೆಂಗಳೂರಿನ ಪಿಜಿಗಳಲ್ಲಿ ಉತ್ತರ ಕರ್ನಾಟಕದ ಹುಡುಗರು ಕುಣಿದದ್ದನ್ನು ನಾನೇ ನೋಡಿದ್ದೇನೆ. ಅವರ ಕಣ್ಣಲ್ಲಿದ್ದ ನೀರು ಕರ್ಸಿಯಾಂಗ್‌ನ ಆ ಅಪ್ಪನ ಕಣ್ಣೀರಿನ ಸಂಬಂಧಿಯೇ ಇರಬೇಕು.

ಪ್ರಶಾಂತ್ ಗೆದ್ದ ಮೇಲೆ ಏನಾದರು? ಬಾಲಿವುಡ್ ರತ್ನಗಂಬಳಿ ಹಾಸಲಿಲ್ಲ. ‘ಧನ್ಯವಾದ್’ ಅಂತ ಆಲ್ಬಂ ಬಂತು, ಓಟು ಹಾಕಿದವರಿಗೆ ಹೇಳಬೇಕಾದ್ದನ್ನೇ ಹೆಸರಾಗಿ ಇಟ್ಟರು. 2010ರಲ್ಲಿ ‘ಗೋರ್ಖಾ ಪಲ್ಟನ್’ ಚಿತ್ರದಿಂದ ನೇಪಾಳಿ ಪರದೆಯ ಹೀರೋ ಆದರು. ಊರೂರು ತಿರುಗಿ ಹಾಡಿದರು. ತಮ್ಮ ಹೆಸರಲ್ಲಿ ಎದ್ದ ಪಕ್ಷದ ಕುರ್ಚಿ ಮಾತ್ರ ಏರಲಿಲ್ಲ. ಹದಿನೆಂಟು ವರ್ಷದ ನಂತರ ‘ಪಾತಾಳ್ ಲೋಕ್’ ಬಂದಾಗ ದೇಶದ ಬಾಕಿ ಜನ ‘ಅರೆ, ಯಾರಿವನು?’ ಅಂದರು. ನನ್ನ ಹಾಗೇ!

ಮೊನ್ನೆ ಮತ್ತೆ ಗಾಡಿ ಹತ್ತಿರ ಹೋಗಿದ್ದೆ. ಫೋಟೋ ಇನ್ನೂ ಇದೆ, ಹಬೆಗೆ ಅಂಚು ಸುರುಟಿಕೊಂಡಿದೆ. 2012ರ ಆಗಸ್ಟ್‌ನಲ್ಲಿ ವದಂತಿ ಹಬ್ಬಿ ಈಶಾನ್ಯದ ಸಾವಿರಾರು ಜನ ಬೆಂಗಳೂರು ಬಿಟ್ಟು ರೈಲು ಹತ್ತಿದರಲ್ಲ, ಆಗ ತನ್ನ ಚಿಕ್ಕಪ್ಪನೂ ಹೊರಟಿದ್ದ, ಓನರ್ ಅಮ್ಮ ಸ್ಟೇಷನ್ನಿಗೇ ಬಂದು ವಾಪಸ್ ಕರೆದುಕೊಂಡು ಹೋದರು ಅಂತ ಹೇಳಿದ. ಆಮೇಲೆ ಇದ್ದಕ್ಕಿದ್ದಂತೆ ಕೇಳಿದ:

‘ಸಾರ್, ನಿಮ್ಮ ಊರಿನ ಹುಡುಗ, ಓಟು ಹಾಕಿದ್ರಲ್ಲ, ಈಗ ಎಲ್ಲಿದ್ದಾನೆ?’

‘ಮದುವೆ ಆರ್ಕೆಸ್ಟ್ರಾದಲ್ಲಿ ಹಾಡ್ತಾನಂತೆ, ತುಮಕೂರು ಕಡೆ.’

‘ಮಾತಾಡಿದ್ದೀರಾ?’

ಇಲ್ಲ ಅಂದೆ. ಅವನು ಔಟಾದ ದಿನದಿಂದ ನಮ್ಮ ಬಳಗದವರು ಯಾರೂ ಅವನಿಗೆ ಒಂದು ಫೋನೂ ಮಾಡಿಲ್ಲ. ನಂಬರು ನನ್ನ ಹತ್ತಿರ ಇದೆ.