ಕಾಣದ ಗಾಯಕ್ಕೆ ದಾಖಲೆ ಯಾವುದು? ಸೈನಿಕರ ಮಿದುಳಿನ ಪೆಟ್ಟು, ಮನೋಆಘಾತ ಮತ್ತು ಕಾಸರಗೋಡಿನ ಭಾಷೆಗಳು

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಕೊನೆಯಲ್ಲಿ ಸಂವಾದದ ಒಂದು ಭಾಗವನ್ನು ಸೇರಿಸಲಾಗಿದೆ.)

ನನ್ನ ಧ್ವನಿ ಕೇಳದಿದ್ದರೆ ದಯವಿಟ್ಟು ಚಾಟ್‌ನಲ್ಲಿ ತಿಳಿಸಿ.

ಮೊದಲು ಒಂದು ಪದದ ವಿಚಾರ. ನಮ್ಮ ಪತ್ರಿಕೆಗಳಲ್ಲಿ 'ಆಘಾತ' ಅನ್ನುವ ಪದ ಎಲ್ಲದಕ್ಕೂ ಬಳಕೆಯಾಗ್ತದೆ. ಹೃದಯಾಘಾತ, ರಸ್ತೆ ಅಪಘಾತದ ಆಘಾತ, ಸಾವಿನ ಸುದ್ದಿಯ ಆಘಾತ. ಸ್ಟ್ರೋಕ್ ಆದರೆ ಅದೂ 'ಮೆದುಳಿನ ಆಘಾತ'. ಹಾಗಾಗಿ ಇಲ್ಲಿ ಎರಡು ಪದಗಳನ್ನು ಬೇರೆ ಮಾಡಿಕೊಳ್ಳುತ್ತೇನೆ. ಹೊಡೆತದಿಂದ, ಬೀಳುವುದರಿಂದ ಅಥವಾ ಸ್ಫೋಟದ ಒತ್ತಡದಿಂದ ಮಿದುಳಿನ ಅಂಗಾಂಶಕ್ಕೆ ಆಗುವ ಹಾನಿ 'ಮಿದುಳಿನ ಪೆಟ್ಟು'. ಜೀವಕ್ಕೆ ಅಪಾಯ ತಂದ ಅನುಭವ ಮನಸ್ಸಿನಲ್ಲಿ ಉಳಿದು ತಿಂಗಳುಗಟ್ಟಲೆ ಕಾಡುವುದು 'ಮನೋಆಘಾತ'. ವೈದ್ಯರು ಇದರ ತೀವ್ರ ರೂಪವನ್ನು ಪಿಟಿಎಸ್‌ಡಿ ಅನ್ನುತ್ತಾರೆ.

ಎರಡೂ ಬೇರೆ ಬೇರೆ, ಆದರೆ ಹೊರಗಿನಿಂದ ನೋಡಿದ್ರೆ ಒಂದೇ ರೀತಿ. ನಿದ್ದೆ ಇಲ್ಲ, ಸಣ್ಣ ಮಾತಿಗೂ ಸಿಟ್ಟು, ಗಮನ ನಿಲ್ಲುವುದಿಲ್ಲ, ಮರೆವು. ವ್ಯತ್ಯಾಸ ಎಲ್ಲಿ ಉಂಟು? ಮಿದುಳಿಗೆ ಪೆಟ್ಟು ಬಿದ್ದವನಿಗೆ ತಲೆನೋವು, ತಲೆತಿರುಗು, ಬೆಳಕು ಮತ್ತು ಶಬ್ದ ಸಹಿಸಲಾಗದಿರುವುದು ಹೆಚ್ಚು; ಪೆಟ್ಟು ಬಿದ್ದ ಗಳಿಗೆಯೇ ಅವನಿಗೆ ನೆನಪಿಲ್ಲದಿರಬಹುದು. ಮನೋಆಘಾತದವನಿಗೆ ತೊಂದರೆ ತಿರುಗುಮುರುಗು. ಆ ಗಳಿಗೆ ಅವನನ್ನು ಬಿಟ್ಟು ಹೋಗುವುದೇ ಇಲ್ಲ. ಕನಸಿನಲ್ಲಿ ಬರ್ತದೆ, ಹಗಲೂ ಬರ್ತದೆ. ಅದನ್ನು ನೆನಪಿಸುವ ಜಾಗ, ಜನ, ಮಾತು ಎಲ್ಲದರಿಂದ ಅವನು ದೂರ ಸರಿಯುತ್ತಾನೆ. ಇಂಥ ಲಕ್ಷಣಗಳು ಒಂದು ತಿಂಗಳಿಗಿಂತ ಹೆಚ್ಚು ಉಳಿದರೆ ಮಾತ್ರ ಪಿಟಿಎಸ್‌ಡಿ ಎಂಬ ನಿರ್ಣಯ.

ಸೌಮ್ಯ ಪ್ರಮಾಣದ ಮಿದುಳಿನ ಪೆಟ್ಟಿನಲ್ಲಿ ಪ್ರಜ್ಞೆ ತಪ್ಪಿದರೂ 30 ನಿಮಿಷದೊಳಗೆ ಮರಳುತ್ತದೆ; ಸಿಟಿ ಸ್ಕ್ಯಾನ್ ಹೆಚ್ಚಾಗಿ ಸರಿಯಾಗಿಯೇ ಬರ್ತದೆ. ಪಿಟಿಎಸ್‌ಡಿಗೆ ಅಂತೂ ಸ್ಕ್ಯಾನ್ ಇಲ್ಲ, ರಕ್ತಪರೀಕ್ಷೆ ಇಲ್ಲ. ಅಂದರೆ ಎರಡಕ್ಕೂ ವೈದ್ಯರ ಮುಖ್ಯ ಸಾಧನ ಪ್ರಶ್ನೆ ಮತ್ತು ಉತ್ತರ. ಆ ದಿನ ಏನಾಯಿತು, ಯಾವುದು ನೆನಪಿದೆ, ಯಾವುದು ಇಲ್ಲ, ಮನೆಯವರು ಏನು ಕಂಡರು. ನನ್ನ ಪ್ರಬಂಧದ ವಾದ ಇಷ್ಟೇ: ಕಾಣದ ಗಾಯಕ್ಕೆ ಮಾತೇ ದಾಖಲೆ. ಮಾತು ದಾರಿಯಲ್ಲಿ ಕಳೆದುಹೋದರೆ ಚಿಕಿತ್ಸೆಯೂ ಕಳೆದುಹೋಗುತ್ತದೆ, ಪಿಂಚಣಿಯೂ ಕಳೆದುಹೋಗುತ್ತದೆ.

ಇದು ಹಳೆಯ ಸಮಸ್ಯೆ. 1915ರಲ್ಲಿ ಚಾರ್ಲ್ಸ್ ಮೈಯರ್ಸ್ 'ಶೆಲ್ ಶಾಕ್' ಎಂಬ ಪದವನ್ನು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ಗೆ ತಂದರು. ಅದು ಫಿರಂಗಿ ಗುಂಡಿನ ಸ್ಫೋಟ ಮಿದುಳಿಗೆ ಮಾಡಿದ ಹಾನಿಯೋ, ಮನಸ್ಸಿನ ಕುಸಿತವೋ ಎಂಬ ಚರ್ಚೆ ಆಗಲೇ ಶುರುವಾಯಿತು. ಸ್ಕಾಟ್ಲೆಂಡಿನ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಇಂಥ ಅಧಿಕಾರಿಗಳಿಗೆ ಚಿಕಿತ್ಸೆ ನೀಡಿದ ಡಬ್ಲ್ಯು. ಎಚ್. ಆರ್. ರಿವರ್ಸ್ ನಮಗೆ ಅಪರಿಚಿತರಲ್ಲ. 1906ರಲ್ಲಿ ನೀಲಗಿರಿಯ ತೋಡರ ಬಗ್ಗೆ ದೊಡ್ಡ ಗ್ರಂಥ ಪ್ರಕಟಿಸಿದ ಮಾನವಶಾಸ್ತ್ರಜ್ಞರು ಅವರೇ. ನೆನಪನ್ನು ಅದುಮಿಡಲು ಹೇಳಬೇಡಿ, ಮಾತಾಡಲು ಬಿಡಿ ಎಂಬುದು ರಿವರ್ಸ್ ನಿಲುವು. ಆದರೂ ಪಿಟಿಎಸ್‌ಡಿ ಅಮೆರಿಕದ ಮನೋವೈದ್ಯರ ಅಧಿಕೃತ ರೋಗಪಟ್ಟಿಗೆ ಸೇರಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧದ ನಂತರ.

ಎರಡು ಗಾಯಗಳೂ ಒಬ್ಬನಲ್ಲೇ ಇರಬಹುದು. ಇರಾಕಿನಿಂದ ಮರಳಿದ 2,525 ಅಮೆರಿಕನ್ ಸೈನಿಕರ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದವರಲ್ಲಿ ಶೇ. 43.9 ಮಂದಿಗೆ ಪಿಟಿಎಸ್‌ಡಿ ಲಕ್ಷಣ ಇತ್ತು. ಬೇರೆ ರೀತಿ ಗಾಯಗೊಂಡವರಲ್ಲಿ ಇದು ಶೇ. 16.2, ಗಾಯವೇ ಇಲ್ಲದವರಲ್ಲಿ ಶೇ. 9.1. ಹಾಗಾಗಿ 'ಇದು ಮಿದುಳೋ, ಮನಸ್ಸೋ' ಎಂದು ಒಂದನ್ನೇ ಆರಿಸಿಕೊಂಡ್ರೆ ಅರ್ಧ ಚಿಕಿತ್ಸೆ ಮಾತ್ರ ಸಿಗುತ್ತದೆ.

ಹೊಡೆತವಿಲ್ಲದೆಯೂ ಮಿದುಳಿಗೆ ಹಾನಿಯಾಗುತ್ತದೆ ಎನ್ನುವುದಕ್ಕೆ ಕನ್ನಡಿಗರಿಗೆ ನೆನಪಿರುವ ಉದಾಹರಣೆ ಸಿಯಾಚಿನ್. 2016ರ ಫೆಬ್ರವರಿ 3ರಂದು ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿಯಿತು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ನಂತರ ಜೀವಂತ ಸಿಕ್ಕರು. ಮಿದುಳಿಗೆ ಆಮ್ಲಜನಕ ಸಾಲದೆ ಹಾನಿಯಾದದ್ದು ಸ್ಕ್ಯಾನ್‌ನಲ್ಲಿ ಕಂಡಿತ್ತು. ಫೆಬ್ರವರಿ 11ರಂದು ತೀರಿಕೊಂಡರು. ಅವರ ಒಂಬತ್ತು ಸಂಗಾತಿಗಳೂ ಉಳಿಯಲಿಲ್ಲ. ನಾವೆಲ್ಲ ಆ ಹೆಸರನ್ನು ನೆನಪಿಟ್ಟಿದ್ದೇವೆ. ಆ ಹಿಮವನ್ನು ದಿನಗಟ್ಟಲೆ ಅಗೆದವರ ಮನಸ್ಸಿನ ಬಗ್ಗೆ ಯಾರು ಕೇಳಬೇಕು?

ಈಗ ಕಾಗದದ ವಿಚಾರ. ಅಂಗವೈಕಲ್ಯ ಪಿಂಚಣಿ ಸಿಗಬೇಕಾದರೆ ತೊಂದರೆ ಸೇನಾಸೇವೆಯಿಂದ ಉಂಟಾದದ್ದು ಅಥವಾ ಸೇವೆಯಿಂದ ಉಲ್ಬಣಿಸಿದ್ದು ಆಗಿರಬೇಕು. 2013ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ಅಪಸ್ಮಾರದ ಕಾರಣ ಹೊರಗೆ ಕಳುಹಿಸಲ್ಪಟ್ಟ ಸಿಪಾಯಿಯ ಪ್ರಕರಣ. ಸೇರುವಾಗ ಯಾವ ಕಾಯಿಲೆಯೂ ದಾಖಲಾಗಿಲ್ಲದಿದ್ದರೆ ಅವನು ಆರೋಗ್ಯವಂತನಾಗಿದ್ದ ಎಂದೇ ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು ಎಂದು ಕೋರ್ಟು ಹೇಳಿತು. ಆದರೆ 2019ರ ಸ್ಕಿಜೋಫ್ರೇನಿಯಾ ಪ್ರಕರಣದಲ್ಲಿ ಅದೇ ಕೋರ್ಟು, ಮಾನಸಿಕ ಕಾಯಿಲೆ ಸೇರುವಾಗ ಪತ್ತೆಯಾಗದೆ ಇರಬಹುದು ಎಂದು ಪಿಂಚಣಿ ನಿರಾಕರಿಸಿತು. 2025ರ ಮೇಯಲ್ಲಿ ಇನ್ನೊಂದು ಸ್ಕಿಜೋಫ್ರೇನಿಯಾ ಪ್ರಕರಣದಲ್ಲಿ, ವೈದ್ಯಕೀಯ ಮಂಡಳಿ ಕಾರಣಗಳನ್ನು ಬರೆದಿಲ್ಲ ಎಂಬ ನೆಲೆಯಲ್ಲಿ ಸೈನಿಕನ ಪರ ತೀರ್ಪು ಬಂತು. ಮೂರೂ ಕಡೆ ತಕರಾರು ಏನು ಬರೆದಿದೆ, ಏನು ಬರೆದಿಲ್ಲ ಎಂಬುದರ ಮೇಲೆಯೇ ನಿಂತಿದೆ.

ಇನ್ನು ನಮ್ಮ ಜಿಲ್ಲೆಗೆ ಬರೋಣ. ಕಾಸರಗೋಡನ್ನು ಸಪ್ತಭಾಷೆಗಳ ನಾಡು ಎಂದು ಹೆಮ್ಮೆಯಿಂದ ಹೇಳ್ತೇವೆ. ಮಂಜೇಶ್ವರದ ಕಡೆಯ ಒಬ್ಬ ನಿವೃತ್ತ ಹವಾಲ್ದಾರರನ್ನು ಊಹಿಸಿಕೊಳ್ಳಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ, ಸೇನೆಯಲ್ಲಿ ಹಿಂದಿ, ಆಸ್ಪತ್ರೆಯಲ್ಲಿ ಮಲಯಾಳ, ಕಾಗದಪತ್ರ ಇಂಗ್ಲಿಷ್. ಅವರು "ಮಂಡೆ ಬಿಸಿ" ಅಂದರೆ ಚಿಂತೆ, "ಮಂಡೆ ತಿರುಗ್ತದೆ" ಅಂದರೆ ತಲೆತಿರುಗು. "ಮಂಡೆ ಸಮ ಇಲ್ಲ" ಅಂತ ನೆರೆಯವರು ಹೇಳಿದರೆ ಹುಚ್ಚು ಎಂದರ್ಥ. ವೈದ್ಯರಿಗೆ ಈ ಮೂರೂ ಬೇರೆ ಬೇರೆ ಸುಳಿವು. ಜೊತೆಗೆ ಹೋದ ಮಗ ಮಲಯಾಳದಲ್ಲಿ ಎಲ್ಲವನ್ನೂ 'ತಲಕರಕ್ಕಂ' ಎಂದು ಹೇಳಿಬಿಟ್ಟರೆ ಚೀಟಿಯಲ್ಲಿ ಉಳಿಯುವುದು ತಲೆತಿರುಗು ಒಂದೇ. ಕನಸು ಹೋಯಿತು, ಭಯ ಹೋಯಿತು.

ಕಾನೂನು ಇಲ್ಲಿ ಸಹಾಯಕ್ಕೆ ಬರ್ತದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯ 22ನೇ ಕಲಮು, ಕಾಯಿಲೆ ಮತ್ತು ಚಿಕಿತ್ಸೆಯ ಮಾಹಿತಿಯನ್ನು ತನಗೆ ಅರ್ಥವಾಗುವ ಭಾಷೆಯಲ್ಲಿ ಪಡೆಯುವ ಹಕ್ಕನ್ನು ರೋಗಿಗೆ ಕೊಡುತ್ತದೆ. 25ನೇ ಕಲಮು ವೈದ್ಯಕೀಯ ದಾಖಲೆ ಪಡೆಯುವ ಹಕ್ಕನ್ನು ಕೊಡುತ್ತದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಸೇನೆಯವರಿಗಾಗಿ 2023ರ ಡಿಸೆಂಬರ್‌ನಲ್ಲಿ ಪುಣೆಯಲ್ಲಿ ಪ್ರತ್ಯೇಕ ಘಟಕ ಬಂತು. ಭಾಷಾ ಅಲ್ಪಸಂಖ್ಯಾತರ ಹಕ್ಕು ಅಂದರೆ ನಾವು ಶಾಲೆ, ನಾಮಫಲಕ, ಅರ್ಜಿ ನಮೂನೆ ಅಂತಲೇ ಯೋಚಿಸ್ತೇವೆ. ಆಸ್ಪತ್ರೆಯ ಮೇಜನ್ನೂ ಆ ಪಟ್ಟಿಗೆ ಸೇರಿಸಬೇಕು.

ಸಂವಾದದಿಂದ

ಪ್ರಶ್ನೆ: ಕುಂಬಳೆ ಬೆಡಿಯ ದಿನ ನಿವೃತ್ತ ಸೈನಿಕರೊಬ್ಬರು ಬಾಗಿಲು ಹಾಕಿ ಒಳಗೇ ಕೂತರೆ ಅದು ಪಿಟಿಎಸ್‌ಡಿಯೇ?

ಉತ್ತರ: ಅಷ್ಟರಿಂದಲೇ ಹೇಳಲಿಕ್ಕೆ ಆಗುವುದಿಲ್ಲ. ಗರ್ನಾಲಿಗೆ ಬೆಚ್ಚಿಬೀಳುವುದು ಯಾರಿಗೂ ಆಗಬಹುದು. ಮನೆಯವರು ಸಮಾಧಾನದಲ್ಲಿ ಕೇಳಬೇಕಾದ್ದು: "ಆ ಶಬ್ದಕ್ಕೆ ತಲೆನೋವು ಬರ್ತದಾ, ಅಥವಾ ಆ ದಿನ ಕಣ್ಣೆದುರು ಬರ್ತದಾ?" ಮೊದಲನೆಯದು ಮಿದುಳಿನ ಪೆಟ್ಟಿನ ಕಡೆಗೆ, ಎರಡನೆಯದು ಮನೋಆಘಾತದ ಕಡೆಗೆ ಕೈತೋರಿಸುತ್ತದೆ, ಎರಡೂ ಇರಬಹುದು. ನಿರ್ಣಯ ವೈದ್ಯರದ್ದು. ಮನೆಯವರು ಮಾಡಬಹುದಾದ್ದು, ಅವರು ಹೇಳಿದ ಮಾತನ್ನು ಅವರದ್ದೇ ಭಾಷೆಯಲ್ಲಿ, ತಾರೀಕು ಹಾಕಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಆಸ್ಪತ್ರೆಗೆ ಹೋಗುವಾಗ ಅದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ.