ಗಗನನೌಕೆಯ ಉಗ್ರಾಣದಲ್ಲಿ ನಮ್ಮ ಹೊರೆ

ಸೊರಬ ತಾಲೂಕಿನ ಉಳವಿಯ ಸುತ್ತಿನ ಹಳ್ಳಿಗಳಲ್ಲಿ ಹಿಂದೆ ಹುಲ್ಲಿನ ಗಾಡಿ ಹೇರಿದ ಹಿರಿಯರಿಗೆ ಹೊರೆ ಬಿಗಿಯುವುದರ ಮಹತ್ವವನ್ನು ಹೇಳಿಕೊಡಬೇಕಾಗಿಲ್ಲ. ಹಗ್ಗ ಸಡಿಲಿದರೆ ಇಳಿಜಾರಿನಲ್ಲಿ ಗಾಡಿಯೇ ಮಗುಚೀತು. ಆದರೆ ಆಕಾಶಕ್ಕೇರುವ ಗಾಡಿಯಲ್ಲಿ ಹೊರೆಯನ್ನು ಅತಿಯಾಗಿ ಬಿಗಿದರೂ ಅಪಾಯವೇ ಎಂದರೆ ವಾಚಕರಿಗೆ ಸೋಜಿಗವೆನಿಸಬಹುದು.

1983ರ ಆಗಸ್ಟ್ 30ರಂದು ಅಮೆರಿಕದ ಫ್ಲಾರಿಡಾದಿಂದ ನಡುರಾತ್ರಿ ಕಳೆದ ಮೇಲೆ ಮೇಲೆದ್ದ ‘ಚಾಲೆಂಜರ್’ ಗಗನನೌಕೆಯ ಉಗ್ರಾಣದಲ್ಲಿ ನಮ್ಮ ‘ಇನ್ಸಾಟ್-1ಬಿ’ ಉಪಗ್ರಹವಿದ್ದಿತು. ಹಿಂದಿನ ವರ್ಷ ಹಾರಿಸಿದ್ದ ‘ಇನ್ಸಾಟ್-1ಎ’ ಕೆಲವೇ ತಿಂಗಳಲ್ಲಿ ಕೈಕೊಟ್ಟಿತ್ತು. ದೂರದರ್ಶನ, ದೂರವಾಣಿ, ಹವಾಮಾನದ ಮುನ್ಸೂಚನೆ, ಇವೆಲ್ಲದರ ಆಸೆಯೂ ಈ ಒಂದು ಹೊರೆಯ ಮೇಲೆ ನಿಂತಿತ್ತು.

ಆ ಉಗ್ರಾಣದ ಉದ್ದ ಸುಮಾರು 18 ಮೀಟರು, ಅಗಲ 4.6 ಮೀಟರು. ನೌಕೆ ಮೇಲೇರುವ ರಭಸಕ್ಕೆ ಒಂದು ಮಣದ ವಸ್ತು ಮೂರು ಮಣದಷ್ಟು ಒತ್ತುತ್ತದೆ; ಯಂತ್ರಗಳ ನಡುಕ ಬೇರೆ. ಕಕ್ಷೆ ಸೇರಿ ಉಗ್ರಾಣದ ಕದ ತೆರೆದೊಡನೆ ಒಂದು ಮಗ್ಗುಲಿಗೆ ಸುಡುಬಿಸಿಲು, ಇನ್ನೊಂದಕ್ಕೆ ಕೊರೆಯುವ ಚಳಿ. ಆಗ ನೌಕೆಯ ಮೈ ಕೊಂಚ ಹಿಗ್ಗುತ್ತದೆ, ಬಾಗುತ್ತದೆ. ಹೊರೆಯನ್ನು ಎಲ್ಲ ಕಡೆಯೂ ಮೊಳೆ ಹೊಡೆದಂತೆ ಬಿಗಿದಿದ್ದರೆ ಆ ಸೆಳೆತವೆಲ್ಲ ಹೊರೆಗೇ ತಟ್ಟುತ್ತಿತ್ತು.

ಆದುದರಿಂದ ಉಪಗ್ರಹವನ್ನು ತೊಟ್ಟಿಲಿನಂಥ ಚೌಕಟ್ಟಿನಲ್ಲಿ ನಿಲ್ಲಿಸಿದ್ದರು. ಚೌಕಟ್ಟಿನಿಂದ ಚಾಚಿದ ದಪ್ಪ ಲೋಹದ ಗೂಟಗಳು ನೌಕೆಯ ಇಕ್ಕೆಲದ ತೊಲೆಗಳ ಮೇಲಿನ ಹಿಡಿಕೆಗಳಲ್ಲಿ ಕೂರುತ್ತಿದ್ದವು. ಅಡಿಯಲ್ಲಿ ಮತ್ತೊಂದು ಗೂಟ. ಪಕ್ಕದ ಕೆಲವು ಗೂಟಗಳು ಹಿಂದುಮುಂದಿನ ಚಲನೆಯನ್ನೂ ಮೇಲುಕೆಳಗಿನ ಚಲನೆಯನ್ನೂ ತಡೆಯುತ್ತವೆ. ಉಳಿದವು ಮೇಲುಕೆಳಗನ್ನು ಮಾತ್ರ ತಡೆದು, ಹಿಂದುಮುಂದಕ್ಕೆ ಜಾರಲು ಎಡೆಗೊಡುತ್ತವೆ. ಅಡಿಯ ಗೂಟದ ಕೆಲಸ ಅಡ್ಡಹೊಯ್ದಾಟವನ್ನು ನಿಲ್ಲಿಸುವುದಷ್ಟೇ. ಹೊರೆ ಎತ್ತಲೂ ಓಡಲಾರದು. ನೌಕೆ ಮೈಮುರಿದರೂ ಹೊರೆಗೆ ನೋವಿಲ್ಲ. ಅಚ್ಚಿಗೂ ಗುಂಬಕ್ಕೂ ನಡುವೆ ಕೊಂಚ ಸಡಿಲ ಬಿಡುವ ನಮ್ಮ ಗಾಡಿಯ ಬಡಗಿಗೆ ಇದರ ಮರ್ಮ ನಮಗಿಂತ ಬೇಗ ತಿಳಿದೀತು!

ಮರುದಿನ ಬಿಡುಗಡೆ. ಬಿಸಿಲಿನ ಮರೆ ಸರಿಯಿತು. ಚೌಕಟ್ಟಿನ ತಿರುಗುಮಣೆ ಉಪಗ್ರಹವನ್ನು ಬುಗುರಿಯಂತೆ ಸುತ್ತಿಸಿತು. ಪುಟ್ಟ ಸಿಡಿಮದ್ದು ಅದರ ಪಟ್ಟಿಯನ್ನು ಕಡಿದೊಡನೆ ಸುರುಳಿ ಸ್ಪ್ರಿಂಗುಗಳು ಅದನ್ನು ಮೆಲ್ಲನೆ ಹೊರದೂಡಿದವು. ಬರಿದಾದ ಚೌಕಟ್ಟು ಮಾತ್ರ ಸೆಪ್ಟೆಂಬರ್ 5ರಂದು ನೌಕೆಯೊಡನೆ ಭೂಮಿಗೆ ಮರಳಿತು.

ಕಟ್ಟು ಬಿಚ್ಚುವ ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಪಯಣಕ್ಕಾಗಿ ಮಡಿಸಿಟ್ಟಿದ್ದ ಉಪಗ್ರಹದ ಸೌರಫಲಕ ಬಿಚ್ಚಿಕೊಳ್ಳದೆ ಹಟ ಹಿಡಿಯಿತು. ಅದು ಅರಳದಿದ್ದರೆ ಉಪಗ್ರಹಕ್ಕೆ ಸಾಕಷ್ಟು ವಿದ್ಯುತ್ತಿಲ್ಲ; ಇಷ್ಟು ಜೋಪಾನದಿಂದ ಹೊತ್ತೊಯ್ದುದೆಲ್ಲ ವ್ಯರ್ಥ. ನಮ್ಮ ಹಾಸನದ ನಿಯಂತ್ರಣ ಕೇಂದ್ರದವರು ದಿನಗಟ್ಟಲೆ ಅದರ ಬೆನ್ನುಬಿದ್ದರು. ಸೆಪ್ಟೆಂಬರ್ ತಿಂಗಳ ನಡುವಿನಲ್ಲಿ ಅದು ಕೊನೆಗೂ ಬಿಚ್ಚಿಕೊಂಡಿತು.