ಕುಡಿತ ಬಿಡುವವನಿಗೆ ಮನೆ ಹತ್ತಿರದ ಗುಂಪು

ಹೊರನಾಡಿಗೆ ಬಂದು ಮನೆ ಮಾಡುವಾಗ ನಾವು ಎಲ್ಲವನ್ನೂ ವಿಚಾರಿಸುತ್ತೇವೆ. ಜೋಳದ ರೊಟ್ಟಿ ಮಾಡಿಕೊಡುವವರು ಯಾರು, ಕನ್ನಡ ಸಂಘ ಎಲ್ಲಿ ಸೇರುತ್ತದೆ, ಹಬ್ಬಕ್ಕೆ ಊರಿಗೆ ಹೋಗಲು ಯಾವ ಬಸ್ಸು ಒಳ್ಳೆಯದು, ಎಲ್ಲವನ್ನೂ ಹೇಳುವವರಿದ್ದಾರೆ. ಮನೆಯಲ್ಲಿ ಒಬ್ಬರ ಕುಡಿತ ಬಿಡಿಸಬೇಕು ಎಂದಾಗ ಮಾತ್ರ ಬಾಯಿ ಬರುವುದಿಲ್ಲ. ಇಲ್ಲಿ ಕೇಳಿದ ಮಾತು ಸಂಜೆಯೊಳಗೆ ಊರು ಮುಟ್ಟುತ್ತದೆ ಎಂಬ ಭಯ.

ನನ್ನ ದೊಡ್ಡಪ್ಪನ ಮಗ ಹುಬ್ಬಳ್ಳಿಯವನು. ಪುಣೆಯ ಕಾರ್ಖಾನೆಯೊಂದರಲ್ಲಿ ಹದಿನಾಲ್ಕು ವರ್ಷದಿಂದ ಕೆಲಸದಲ್ಲಿದ್ದಾನೆ. ಅವನಿಗಾಗಿ ಗುಂಪು ಹುಡುಕುವಾಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. "ಯಾರಿಗಾರ ಉಪಯೋಗ ಆಗ್ತದ ಅಂದ್ರ ಬರಿ, ನನ್ನ ಹೆಸರು ಮಾತ್ರ ಬ್ಯಾಡ" ಎಂದು ಅಣ್ಣನೇ ಹೇಳಿದ್ದಾನೆ.

ಮೊದಲ ಮಾತು: ಗುಂಪಿಗಿಂತ ಮುಂಚೆ ವೈದ್ಯರು. ವರ್ಷಗಟ್ಟಲೆ ದಿನವೂ ಕುಡಿದವರು ಹಟದಿಂದ ಒಮ್ಮೆಲೇ ನಿಲ್ಲಿಸುವುದು ಅಪಾಯ. ಕೈನಡುಕ, ಬೆವರು, ನಿದ್ದೆಗೇಡು ಮೊದಲ ದಿನವೇ ಶುರುವಾಗುತ್ತವೆ. ಕೆಲವರಿಗೆ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಆಮೇಲೆ ಭ್ರಮೆ ಹಿಡಿಯಬಹುದು. ಜೀವಕ್ಕೇ ಕುತ್ತಾದೀತು. "ನಾ ಏನ್ ದವಾಖಾನಿಗೆ ಹೋಗುವಷ್ಟು ಕುಡುಕ ಅದೇನೇನು?" ಎಂದು ಅಣ್ಣ ರೇಗಿದ. ವೈನಿ ಜಗ್ಗಲಿಲ್ಲ. ದವಾಖಾನೆಯಲ್ಲಿ ಔಷಧಿಯೊಡನೆ ಕಳೆದ ಆ ಮೊದಲ ವಾರ ಇಲ್ಲದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಔಷಧಿ ದೇಹವನ್ನು ತಹಬಂದಿಗೆ ತರುತ್ತದೆ. ಆದರೆ ಡ್ಯೂಟಿ ಮುಗಿದ ಮೇಲಿನ ಸಂಜೆ ಏಳು ಗಂಟೆಯನ್ನು ಏನು ಮಾಡುವುದು? ಊರಿನಲ್ಲಾದರೆ ಕಟ್ಟೆಯಿದೆ, ಸೋದರಮಾವನ ಮನೆಯಿದೆ. ಇಲ್ಲಿ ಅಣ್ಣನಿಗೆ ಇದ್ದ ಗೆಳೆಯರೆಲ್ಲ ಬಾರಿನ ಗೆಳೆಯರೇ. ಗುಂಪು ಬೇಕಾಗುವುದು ಈ ಹೊತ್ತಿಗೆ.

ಇಂಥ ಗುಂಪುಗಳಲ್ಲಿ ಹೆಚ್ಚು ಹರಡಿರುವುದು ಆಲ್ಕೋಹಾಲಿಕ್ಸ್ ಅನಾನಿಮಸ್, ಎಲ್ಲರ ಬಾಯಲ್ಲಿ ಎಎ. ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ 1935ರಲ್ಲಿ ಇಬ್ಬರು ಕುಡಿತದ ರೋಗಿಗಳಿಂದ ಆರಂಭವಾಯಿತು. ಅವರಲ್ಲೊಬ್ಬ ಶೇರು ವ್ಯವಹಾರದವ, ಇನ್ನೊಬ್ಬ ಸರ್ಜನ್. 1957ರಲ್ಲಿ ದೆಹಲಿಯ ಮೂಲಕ ನಮ್ಮ ದೇಶಕ್ಕೆ ಬಂತು. ಶುಲ್ಕವಿಲ್ಲ, ಕೊನೆಯಲ್ಲಿ ಸುತ್ತಿ ಬರುವ ಚೀಲಕ್ಕೆ ಇಷ್ಟವಿದ್ದರೆ ಹಾಕಬಹುದು. ಸೇರಲು ಬೇಕಾದ ಅರ್ಹತೆ ಒಂದೇ, ಕುಡಿತ ಬಿಡುವ ಇಚ್ಛೆ. ಪೂರ್ತಿ ಹೆಸರು, ಕಂಪನಿ, ಜಾತಿ ಯಾರೂ ಕೇಳುವುದಿಲ್ಲ. ದೇವರ ಮಾತು ಬರುತ್ತದೆ, ಆದರೆ ಅವರವರು ತಿಳಿದಂತೆ. ಓಪನ್ ಮೀಟಿಂಗಿಗೆ ಮನೆಯವರೂ ಹೋಗಬಹುದು. ಕ್ಲೋಸ್ಡ್ ಮೀಟಿಂಗ್ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಒಬ್ಬರು ಮಾತಾಡುವಾಗ ಉಳಿದವರು ಉಪದೇಶ ಮಾಡುವುದಿಲ್ಲ, ಕೇಳುತ್ತಾರೆ.

ಇದೆಲ್ಲ ಬರೀ ಸಮಾಧಾನದ ಮಾತೇ ಎಂದು ನನ್ನ ಸಾಫ್ಟ್‌ವೇರ್ ಬುದ್ಧಿಗೆ ಅನುಮಾನವಿತ್ತು. ಕಾಕ್ರೇನ್ ಸಂಸ್ಥೆ 2020ರಲ್ಲಿ 27 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತ್ತು. ಪೂರ್ತಿ ಮದ್ಯಮುಕ್ತರಾಗಿ ಉಳಿಯುವ ವಿಷಯದಲ್ಲಿ, ಎಎಗೆ ಕ್ರಮಬದ್ಧವಾಗಿ ಸೇರಿಸುವ ಚಿಕಿತ್ಸೆ ಇತರ ಮಾನಸಿಕ ಚಿಕಿತ್ಸೆಗಳಿಗಿಂತ ಮೇಲು ಎಂದೇ ಅದು ಕಂಡುಕೊಂಡಿತು. ಎಲ್ಲರಿಗೂ ಒಗ್ಗುತ್ತದೆ ಎಂದು ಇದರ ಅರ್ಥವಲ್ಲ. ಒಗ್ಗದವರಿಗೆ ಆಪ್ತಸಮಾಲೋಚನೆಯಿದೆ, ಔಷಧಿಯಿದೆ.

ಪರಿಚಿತರ ಕಣ್ಣಿಗೆ ಬೀಳಬಾರದೆಂದು ಅಣ್ಣ ಮೊದಲು ಆರಿಸಿಕೊಂಡದ್ದು ನಗರದ ಇನ್ನೊಂದು ತುದಿಯ ಗುಂಪನ್ನು. ಎರಡು ಬಸ್ಸು, ಒಂದೂವರೆ ತಾಸು. ಮೂರನೇ ವಾರ ಮಳೆ ಬಂತು, ನಾಲ್ಕನೇ ವಾರ ಓವರ್‌ಟೈಮ್ ಬಂತು, ಹೋಗುವುದು ನಿಂತಿತು. ಆಮೇಲೆ ಹಿಡಿದದ್ದು ಮನೆಯಿಂದ ನಡೆದು ಹೋಗುವಷ್ಟು ದೂರದ ಗುಂಪು. ಅಲ್ಲಿ ಪರಿಚಿತನೊಬ್ಬ ಸಿಕ್ಕೇ ಸಿಕ್ಕ, ಅವನದೇ ಶಾಪ್‌ಫ್ಲೋರಿನವನು. ಇಬ್ಬರೂ ಒಂದೇ ಕಾರಣಕ್ಕೆ ಬಂದವರಾದ್ದರಿಂದ ಗುಟ್ಟು ಇಬ್ಬರಲ್ಲೇ ಉಳಿಯಿತು.

ಭಾಷೆಯೂ ಮುಖ್ಯ. ಪುಣೆಯ ಮೀಟಿಂಗುಗಳು ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ನಡೆಯುತ್ತವೆ. ಅಣ್ಣನ ಮರಾಠಿ ಅಂಗಡಿಗೆ ಸಾಕು, ಅಳುವುದಕ್ಕೆ ಸಾಲದು. ಅದಕ್ಕೆ ಕರ್ನಾಟಕದ ಗುಂಪೊಂದರ ಕನ್ನಡ ಮೀಟಿಂಗಿಗೆ ವಾರಕ್ಕೊಮ್ಮೆ ಫೋನಿನಲ್ಲಿ ಕೂರುತ್ತಾನೆ. ಆದರೆ ಎದುರಿಗೆ ಕೂತವರ ಜಾಗವನ್ನು ಫೋನು ತುಂಬುವುದಿಲ್ಲ.

ಇದು ಏಳನೇ ತಿಂಗಳಲ್ಲಿ ಸ್ಪಷ್ಟವಾಯಿತು. ಊರಿನ ಮದುವೆಯಲ್ಲಿ ಅಣ್ಣ ಮತ್ತೆ ಕುಡಿದ. ಪುಣೆಗೆ ಬಂದವನು ಫೋನ್ ಮಾಡಿದ್ದು ನನಗಲ್ಲ, ಗುಂಪಿನ ಹಿರಿಯರೊಬ್ಬರಿಗೆ. ಅವರು ಹತ್ತು ನಿಮಿಷದಲ್ಲಿ ಮನೆ ಬಾಗಿಲಲ್ಲಿದ್ದರು, ಬೈಯಲಿಲ್ಲ, ಸಂಜೆ ಮೀಟಿಂಗಿಗೆ ಕರೆದುಕೊಂಡು ಹೋದರು. ದಿನಗಳ ಎಣಿಕೆ ಮತ್ತೆ ಒಂದರಿಂದ ಶುರುವಾಯಿತು. ದೂರದ ಗುಂಪಿನವರಿಗೆ ಇಷ್ಟು ಬೇಗ ಬರಲಾಗುತ್ತಿತ್ತೇ?

ಹೆಂಡತಿ, ತಂದೆತಾಯಿ, ಮಕ್ಕಳಿಗೆ ಅಲ್-ಅನಾನ್ ಎಂಬ ಬೇರೆ ಗುಂಪುಗಳಿವೆ. ವೈನಿ ಹೋಗುತ್ತಾರೆ. ಬಾಟಲಿ ಹುಡುಕಿ ಚೆಲ್ಲುವುದನ್ನು ಬಿಟ್ಟಿದ್ದಾರೆ, ಈಗ ನಿದ್ದೆ ಬರುತ್ತದೆಯಂತೆ. ಗಂಡ ಬಿಡದಿದ್ದರೂ ಹೆಂಡತಿ ಹೋಗಬಹುದು.

ಎಲ್ಲಿಂದ ಶುರು ಮಾಡುವುದೆಂದು ತೋಚದಿದ್ದರೆ 14446ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ. ಟೆಲಿ ಮಾನಸ್‌ನ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು. ಪುಣೆಯಲ್ಲಿ 1986ರಿಂದ ಮುಕ್ತಾಂಗಣವಿದೆ. ಚೆನ್ನೈಯಲ್ಲಿ ಶಾಂತಿ ರಂಗನಾಥನ್ 1980ರಲ್ಲಿ ಕಟ್ಟಿದ ಟಿ.ಟಿ. ರಂಗನಾಥನ್ ಸಂಸ್ಥೆಯಿದೆ. ಗುಂಪು ಆರಿಸುವಾಗ ಮಾತ್ರ ಒಂದೇ ಲೆಕ್ಕ ಹಾಕಿ: ಮಳೆ ಬಂದ ದಿನ, ಸುಸ್ತಾದ ದಿನ, ಸೋತ ದಿನವೂ ಅಲ್ಲಿಗೆ ನಡೆದು ಹೋಗಬಹುದೇ? ಹೌದೆಂದರೆ ಅದೇ ನಿಮ್ಮ ಗುಂಪು.